ತೂಕ, ಬಿಸಿ, ಕರೆಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಪಾಠ ನಿಂತಿತು, ಪ್ರಶ್ನೆಗಳು ನಿಲ್ಲಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಹಳೇ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಅವೇ ಸುತ್ತಿ ಸುತ್ತಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಕಂಡದ್ದು ಏನೆಂದರೆ, ಅರ್ಧಕ್ಕರ್ಧ ಗೊಂದಲ ಹುಟ್ಟುವುದು ನಾವಾಡುವ ಮಾತಿನಿಂದಲೇ. ತೂಕ, ಬಿಸಿ, ಕರೆಂಟು ಅನ್ನುವ ಒಂದೊಂದು ಪದವನ್ನೂ ಎರಡೆರಡು ಕೆಲಸಕ್ಕೆ ಹಚ್ಚಿಬಿಟ್ಟಿದ್ದೇವೆ.

## ಶುರುವಿನ ಪ್ರಶ್ನೆಗಳು

ಸರ್, ಅಂಗಡಿಯಲ್ಲಿ ‘ತೂಕ ಒಂದು ಕೆಜಿ’ ಅಂತಾರೆ. ಪುಸ್ತಕದಲ್ಲಿ ತೂಕವನ್ನು ನ್ಯೂಟನ್‌ನಲ್ಲಿ ಬರೀಬೇಕು ಅಂತಿದೆ. ಯಾವುದು ಸರಿ?

ಇಬ್ಬರೂ ಬೇರೆ ಬೇರೆ ಸಂಗತಿ ಹೇಳುತ್ತಿದ್ದಾರೆ. ಅಚ್ಚಿನಲ್ಲಿ ಎಷ್ಟು ಬೆಲ್ಲ ಇದೆ ಅನ್ನುವುದು ರಾಶಿ. ಅದನ್ನು ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವುದು ತೂಕ. ಒಂದು ಕೆಜಿ ಬೆಲ್ಲವನ್ನು ಭೂಮಿ ಸುಮಾರು 9.8 ನ್ಯೂಟನ್ ಬಲದಿಂದ ಎಳೆಯುತ್ತದೆ. ಚಂದ್ರ ಎಳೆಯುವುದು ಅದರ ಆರರಲ್ಲಿ ಒಂದು ಪಾಲು. ಆದರೆ ಅದೇ ಬೆಲ್ಲ ಪಾಯಸಕ್ಕೆ ಹಾಕಿದರೆ ಅಲ್ಲೂ ಸಿಹಿ ಅಷ್ಟೇ.

ಇದರಲ್ಲೊಂದು ಮಜಾ ಇದೆ. ಹಳೇ ತಕ್ಕಡಿಯನ್ನು ಚಂದ್ರನಿಗೆ ಒಯ್ದರೂ ಅದು ಒಂದು ಕೆಜಿ ಅಂತಲೇ ತೋರಿಸುತ್ತದೆ, ಯಾಕೆಂದರೆ ಬೆಲ್ಲದ ತಟ್ಟೆಯಂತೆ ಬಟ್ಟಿನ ತಟ್ಟೆಯ ಎಳೆತವೂ ಕಡಿಮೆಯಾಗಿರುತ್ತದೆ. ಸ್ಪ್ರಿಂಗ್ ತ್ರಾಸು ಒಯ್ದರೆ ಮುಳ್ಳು 165 ಗ್ರಾಮಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೊದಲನೆಯದು ರಾಶಿಯನ್ನು ಹೋಲಿಸುತ್ತದೆ, ಎರಡನೆಯದು ಎಳೆತವನ್ನು ಅಳೆಯುತ್ತದೆ. ಅಂಗಡಿಯವರ ಜೊತೆ ನ್ಯೂಟನ್ ಲೆಕ್ಕಕ್ಕೆ ಇಳಿಯಬೇಡಿ. ಅವರು ಕೊಡುತ್ತಿರುವುದು ಬೆಲ್ಲ, ಎಳೆತವಲ್ಲ.

ಹೂವಿಗೆ ಮೊಳ, ಸೈಟಿಗೆ ಅಡಿ, ಜಮೀನಿಗೆ ಗುಂಟೆ, ಬಟ್ಟೆಗೆ ಮೀಟರ್. ಎಲ್ಲಕ್ಕೂ ಒಂದೇ ಅಳತೆ ಇಟ್ಟರೆ ಆಗಲ್ವಾ?

ಕಾನೂನಿನಲ್ಲಿ ಯಾವತ್ತೋ ಇಟ್ಟಾಗಿದೆ. ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಮರುವರ್ಷ ಏಪ್ರಿಲ್ 1ಕ್ಕೆ ರೂಪಾಯಿಗೆ ನೂರು ನಯಾ ಪೈಸೆ ಬಂತು. ಸೇರು, ಪಾವು ಮೆಲ್ಲಗೆ ಹಿಂದೆ ಸರಿದವು. ಆದರೆ ನೆಲದ ಲೆಕ್ಕ ಹಳೇದೇ ಉಳಿಯಿತು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಮೂವತ್ತು–ನಲವತ್ತರ ಸೈಟು ಗುಂಟೆಗಿಂತ ಚೂರು ದೊಡ್ಡದು.

ಅಳತೆಗೆ ಒಂದು ಮಾನ ಯಾಕೆ ಬೇಕು ಅನ್ನುವುದಕ್ಕೆ ಹೂವಿನ ಅಂಗಡಿಗಿಂತ ಒಳ್ಳೇ ಪಾಠವಿಲ್ಲ. ಮೊಳಕೈಯಿಂದ ನಡುಬೆರಳ ತುದಿವರೆಗೆ ಒಂದು ಮೊಳ. ಮಲ್ಲಿಗೆ ಅಳೆದು ಕೊಡುವುದು ಹೂವಮ್ಮನ ಕೈ, ನನ್ನ ಹೆಂಡತಿ ಮನೆಗೆ ಬಂದು ಅಳೆಯುವುದು ತನ್ನ ಕೈಯಲ್ಲಿ. ಎರಡು ಮೊಳ ಕೊಂಡರೆ ಯಾವತ್ತೂ ಎರಡು ಮೊಳ ಬಂದದ್ದಿಲ್ಲ. ಮೋಸ ಮಾಡಿದವರು ಯಾರೂ ಇಲ್ಲ, ಕೈಗಳು ಬೇರೆ ಅಷ್ಟೇ.

ಕಿಲೋಗ್ರಾಂ ಬದಲಾಯಿತಂತೆ, ಹೌದಾ?

ಅದರ ವ್ಯಾಖ್ಯೆ ಬದಲಾಯಿತು. 1889ರಿಂದ ಪ್ಯಾರಿಸ್ ಹತ್ತಿರ ಪ್ಲಾಟಿನಂ–ಇರಿಡಿಯಂ ಮಿಶ್ರಲೋಹದ ಒಂದು ಪುಟ್ಟ ಉರುಳೆಯನ್ನು ಗಾಜಿನ ಮುಚ್ಚಳದೊಳಗೆ ಇಟ್ಟು, ‘ಇದೇ ಒಂದು ಕಿಲೋ’ ಎಂದು ಇಡೀ ಜಗತ್ತು ಒಪ್ಪಿಕೊಂಡಿತ್ತು. ಆಗಾಗ ಅದರ ನಕಲುಗಳನ್ನು ತಂದು ಹೋಲಿಸಿದಾಗ ಗ್ರಾಮಿನ ಲಕ್ಷದಲ್ಲಿ ಕೆಲವು ಭಾಗದಷ್ಟು ವ್ಯತ್ಯಾಸ ಕಂಡಿತು. ಬದಲಾದದ್ದು ನಕಲೋ ಅಸಲೋ? ಅಸಲನ್ನು ಅಳೆಯಲು ಅದಕ್ಕಿಂತ ದೊಡ್ಡ ಅಸಲಿಲ್ಲವಲ್ಲ! ಹಾಗಾಗಿ 2019ರ ಮೇ 20ರಿಂದ ಕಿಲೋವನ್ನು ಪ್ಲಾಂಕ್ ಸ್ಥಿರಾಂಕದ ಆಧಾರದಲ್ಲಿ ಹೇಳುತ್ತಾರೆ. ಅದು ನಿಸರ್ಗದ್ದೇ ಒಂದು ಸಂಖ್ಯೆ, ಸವೆಯುವುದಿಲ್ಲ. ಅಕ್ಕಿಯ ಮೂಟೆಗೆ ಇದರಿಂದ ಏನೂ ಆಗಿಲ್ಲ.

ಬಸ್ಸು ಬ್ರೇಕ್ ಹಾಕಿದ ಕೂಡಲೇ ಮುಂದಕ್ಕೆ ಬೀಳ್ತೀವಿ. ಯಾರೂ ತಳ್ಳಲಿಲ್ಲವಲ್ಲ?

ತಳ್ಳಲಿಲ್ಲ, ನಿಜ. ಬಸ್ಸನ್ನು ಬ್ರೇಕ್ ನಿಲ್ಲಿಸಿತು, ನಿಮ್ಮನ್ನು ನಿಲ್ಲಿಸಲಿಲ್ಲ. ನೀವು ಮೊದಲು ಹೋಗುತ್ತಿದ್ದ ವೇಗದಲ್ಲೇ ಮುಂದೆ ಹೋಗುತ್ತಿದ್ದೀರಿ. ಕಾಲಿಗೆ ನೆಲದ ಹಿಡಿತವಿದೆ, ಆದ್ದರಿಂದ ಪಾದ ನಿಲ್ಲುತ್ತದೆ, ಮೈ ವಾಲುತ್ತದೆ. ಕಾರಿನಲ್ಲಿ ಆ ‘ನಿಲ್ಲಿಸುವ’ ಕೆಲಸ ಸೀಟ್‌ಬೆಲ್ಟಿನದು. ಬೆಲ್ಟ್ ಹಾಕದಿದ್ದರೆ ಮುಂದಿನ ಗಾಜು ಆ ಕೆಲಸ ಮಾಡುತ್ತದೆ.

ಕಂಬಳಿ ಬಿಸಿ ಕೊಡುತ್ತೆ ಅಲ್ವಾ? ಹಾಗಾದ್ರೆ ಐಸ್‌ಗೆ ಹೊದಿಸಿದರೆ ಬೇಗ ಕರಗಬೇಕು?

ಮಾಡಿ ನೋಡಿ. ಫ್ರಿಜ್ಜಿನಿಂದ ಒಂದೇ ಅಳತೆಯ ಎರಡು ಐಸ್ ತುಂಡು ತೆಗೆದು ಎರಡು ಬಟ್ಟಲಿಗೆ ಹಾಕಿ. ಒಂದನ್ನು ಬಟ್ಟಲ ಸಮೇತ ಕಂಬಳಿಯಲ್ಲಿ ಸುತ್ತಿ. ಕಂಬಳಿಯೊಳಗಿನದೇ ಜಾಸ್ತಿ ಹೊತ್ತು ಉಳಿಯುತ್ತದೆ. ಉಣ್ಣೆಯ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ಸುಲಭವಾಗಿ ದಾಟಗೊಡುವುದಿಲ್ಲ. ಒಳಗಿನದು ನಮ್ಮ ಮೈಯಾದರೆ ಬಿಸಿ ಹೊರಹೋಗದು, ಐಸಾದರೆ ಬಿಸಿ ಒಳಬಾರದು. ಕಂಬಳಿ ಬರೀ ಕಾವಲುಗಾರ. ಪ್ರತಿ ವರ್ಷ ತರಗತಿಯಲ್ಲಿ ಇದನ್ನು ಮಾಡುವ ಮುಂಚೆ ಕೈ ಎತ್ತಿಸುತ್ತಿದ್ದೆ. ಮುಕ್ಕಾಲು ಪಾಲು ಮಕ್ಕಳು ‘ಕಂಬಳೀದು ಬೇಗ ಕರಗುತ್ತೆ’ ಅನ್ನುತ್ತಿದ್ದರು. ಬೇಸರವಾಗುತ್ತಿರಲಿಲ್ಲ. ತಪ್ಪು ಊಹಿಸಿ ಕಣ್ಣಾರೆ ಕಂಡವನು ಮರೆಯುವುದಿಲ್ಲ.

ಒಂದೇ ಕೋಣೆಯಲ್ಲಿದ್ದರೂ ಸ್ಟೀಲ್ ಲೋಟ ತಣ್ಣಗೆ, ಮರದ ಮಣೆ ಬೆಚ್ಚಗೆ. ಹೇಗೆ?

ಥರ್ಮಾಮೀಟರ್ ಇಟ್ಟರೆ ಎರಡರದ್ದೂ ಒಂದೇ ಡಿಗ್ರಿ. ನಮ್ಮ ಬೆರಳು ಡಿಗ್ರಿ ಅಳೆಯುವುದಿಲ್ಲ, ತನ್ನಿಂದ ಬಿಸಿ ಎಷ್ಟು ಬೇಗ ಹೋಗುತ್ತಿದೆ ಅಂತ ನೋಡುತ್ತದೆ. ಸ್ಟೀಲು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ.

‘ಬಿಸಿ’ ಅನ್ನುವ ಪದ ಎರಡು ಕೆಲಸ ಮಾಡುವುದು ಇಲ್ಲೇ. ಎಷ್ಟು ಡಿಗ್ರಿ ಅನ್ನುವುದು ತಾಪ. ಒಂದರಿಂದ ಇನ್ನೊಂದಕ್ಕೆ ಹರಿಯುವ ಶಕ್ತಿ ಉಷ್ಣ. ಬಚ್ಚಲಿನ ಹಂಡೆಯಲ್ಲಿ 45 ಡಿಗ್ರಿಯ ನೀರಿದೆ, ಲೋಟದಲ್ಲಿ 80 ಡಿಗ್ರಿಯ ಕಾಫಿಯಿದೆ. ತಾಪ ಜಾಸ್ತಿ ಇರುವುದು ಕಾಫಿಯಲ್ಲಿ. ಆದರೆ ಚಳಿಗೆ ನಡುಗುತ್ತಾ ಬಂದವನ ಮೈ ಕಾಯಿಸುವಷ್ಟು ಉಷ್ಣ ಇರುವುದು ಹಂಡೆಯಲ್ಲಿ. ಟೀವಿಯವರು ‘ಗರಿಷ್ಠ ಉಷ್ಣಾಂಶ’ ಅಂದಾಗ ಹೇಳುತ್ತಿರುವುದು ತಾಪವನ್ನೇ. ಈ ಒಂದು ಪದದಿಂದ ನನ್ನ ಮಕ್ಕಳು ಕಳೆದುಕೊಂಡ ಅಂಕಗಳಿಗೆ ಲೆಕ್ಕವಿಲ್ಲ.

ಕರೆಂಟ್ ಬಿಲ್ಲಿನಲ್ಲಿ ‘ಯೂನಿಟ್’ ಅಂದ್ರೆ ಏನು ಮೇಷ್ಟ್ರೇ?

ಸಾವಿರ ವ್ಯಾಟಿನ ಸಾಧನ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟಿನ ಗೀಸರ್‌ಗೆ ಅರ್ಧ ಗಂಟೆ ಸಾಕು. 75 ವ್ಯಾಟಿನ ಹಳೇ ಫ್ಯಾನ್ ಅಷ್ಟೇ ಯೂನಿಟ್‌ನಲ್ಲಿ 13 ಗಂಟೆ ತಿರುಗುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು 111 ಗಂಟೆ ಉರಿಯುತ್ತದೆ. ‘ಲೈಟ್ ಆರಿಸು, ಬಿಲ್ ಬರುತ್ತೆ’ ಎಂದು ಮಕ್ಕಳನ್ನು ಗದರಿಸುವವರು ಗೀಸರ್ ಹಾಕಿ ಮರೆತು ಪೂಜೆಗೆ ಕೂರುತ್ತಾರೆ.

ಮಾತಿನಲ್ಲಿ ಎಲ್ಲವೂ ‘ಕರೆಂಟ್’. ಲೆಕ್ಕದಲ್ಲಿ ಮೂರು ಸಂಗತಿ ಇವೆ: ತಂತಿಯಲ್ಲಿ ಹರಿಯುವುದು ಆಂಪಿಯರ್, ಅದನ್ನು ನೂಕುವುದು ವೋಲ್ಟ್, ಎರಡನ್ನೂ ಗುಣಿಸಿದರೆ ವ್ಯಾಟ್. ಬಿಲ್ಲು ಬರುವುದು ವ್ಯಾಟಿಗೆ ಹೊತ್ತನ್ನು ಗುಣಿಸಿದ್ದಕ್ಕೆ.

## ಸ್ವಲ್ಪ ತಲೆ ಓಡಿಸಬೇಕಾದವು

ಊರಿಗೆ ಹೋಗುವಾಗ ಗಂಟೆಗೆ 60, ಬರುವಾಗ 30. ಸರಾಸರಿ 45 ತಾನೇ?

ಅಲ್ಲ, 40. ಊರು 60 ಕಿಲೋಮೀಟರ್ ದೂರ ಅಂದುಕೊಳ್ಳಿ. ಹೋಗಲು ಒಂದು ಗಂಟೆ, ಬರಲು ಎರಡು. ಒಟ್ಟು 120 ಕಿಲೋಮೀಟರ್, ಮೂರು ಗಂಟೆ. ನಿಧಾನವಾಗಿ ಬಂದದ್ದರಲ್ಲಿ ನೀವು ಹೆಚ್ಚು ಹೊತ್ತು ಕಳೆದಿರಿ, ಹಾಗಾಗಿ ಸರಾಸರಿ ಆ ಕಡೆಗೆ ವಾಲುತ್ತದೆ. ಟ್ರಾಫಿಕ್ಕಿನಲ್ಲಿ ಕಳೆದ ಹೊತ್ತನ್ನು ಹೈವೇಯಲ್ಲಿ ಬಾರಿಸಿಕೊಂಡು ಹೋಗಿ ತುಂಬಿಸುತ್ತೇನೆ ಅನ್ನುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ಕುಕ್ಕರ್ ಕೂಗಿದ ಮೇಲೂ ಉರಿ ಜೋರಾಗೇ ಇಟ್ಟರೆ ಬೇಳೆ ಬೇಗ ಬೇಯುತ್ತಾ?

ಇಲ್ಲ. ಗ್ಯಾಸ್ ಬೇಗ ಖಾಲಿಯಾಗುತ್ತದೆ.

ನೀರು ಕುದಿಯುವ ತಾಪ ಎಲ್ಲೆಡೆ 100 ಡಿಗ್ರಿ ಅಲ್ಲ. ಮೇಲಿನ ಗಾಳಿ ಎಷ್ಟು ಒತ್ತುತ್ತಿದೆ ಅನ್ನುವುದರ ಮೇಲಿದೆ. ಕಡಲತೀರದ ಉಡುಪಿಯಲ್ಲಿ 100. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರ. ಮುಳ್ಳಯ್ಯನಗಿರಿಯ ತುದಿಯಲ್ಲಿ ಒಲೆ ಹೂಡಿದರೆ 94ರ ಸುಮಾರಿಗೇ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯಿತು ಅನ್ನಿ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ಎಷ್ಟೇ ಉರಿ ಕೊಟ್ಟರೂ ತಾಪ ಏರುವುದಿಲ್ಲ. ಕೊಟ್ಟ ಉಷ್ಣವೆಲ್ಲ ನೀರನ್ನು ಹಬೆ ಮಾಡಲು ಹೋಗುತ್ತದೆ.

ಕುಕ್ಕರ್ ಮಾಡುವ ಉಪಾಯ ಇಷ್ಟೇ: ಹಬೆಯನ್ನು ಕೂಡಿಹಾಕಿ ಒತ್ತಡ ಏರಿಸುತ್ತದೆ. ಮನೆಯ ಕುಕ್ಕರಿನಲ್ಲಿ ಒತ್ತಡ ಹೊರಗಿನದರ ಎರಡರಷ್ಟಾಗುತ್ತದೆ, ನೀರು 120 ಡಿಗ್ರಿ ಹತ್ತಿರ ಹೋಗುವವರೆಗೂ ಕುದಿಯುವುದಿಲ್ಲ. ಒತ್ತಡ ಮಿತಿ ಮುಟ್ಟಿದಾಗ ವೇಟ್ ಎದ್ದು ಹಬೆ ಬಿಡುತ್ತದೆ. ಅದೇ ಕೂಗು. ಆ ಮಿತಿಯನ್ನು ಉರಿ ಬದಲಿಸದು. ಆದ್ದರಿಂದ ಮೊದಲ ವಿಷಲ್ ಆದ ಮೇಲೆ ಸಿಮ್‌ನಲ್ಲಿಡಿ, ಒಳಗೆ ಅಷ್ಟೇ ತಾಪ ಇರುತ್ತದೆ. ನನ್ನ ಅಕ್ಕ ಇದನ್ನು ಒಪ್ಪಲೇ ಇಲ್ಲ. ‘ನಿನ್ನ ವಿಜ್ಞಾನ ನಿನ್ನ ಮನೇಲಿರಲಿ, ನಂಗೆ ತೊಗರಿಬೇಳೆಗೆ ನಾಲ್ಕು ಕೂಗು ಬೇಕು’ ಅಂತ. ಅವಳ ಲೆಕ್ಕವೂ ಪೂರ್ತಿ ತಪ್ಪಲ್ಲ, ಕೂಗು ಅವಳಿಗೆ ಗಡಿಯಾರ. ಆದರೆ ಉರಿ ಬದಲಾದರೆ ಆ ಗಡಿಯಾರವೂ ಕೆಡುತ್ತದೆ.

ಇಡ್ಲಿ ಪಾತ್ರೆಯ ಹಬೆ ತಾಗಿದರೆ ಕುದಿ ನೀರಿಗಿಂತ ಜೋರಾಗಿ ಸುಡುತ್ತೆ. ಎರಡೂ ನೂರು ಡಿಗ್ರಿ ಅಲ್ವಾ?

ತಾಪ ಒಂದೇ, ಉಷ್ಣ ಬೇರೆ. ಒಂದು ಗ್ರಾಂ ಹಬೆ ಚರ್ಮದ ಮೇಲೆ ನೀರಾಗುವಾಗಲೇ ಸುಮಾರು 540 ಕ್ಯಾಲೊರಿ ಬಿಟ್ಟುಕೊಡುತ್ತದೆ. ಆಮೇಲೆ ಆ ನೀರು ನೂರರಿಂದ ಮೈತಾಪಕ್ಕೆ ಇಳಿಯುವಾಗ ಕೊಡುವುದು ಬರೀ 63. ಮುಚ್ಚಳವನ್ನು ನಿಮ್ಮಿಂದ ಆಚೆ ಕಡೆಗೆ ವಾಲಿಸಿ ತೆಗೆಯಿರಿ.

ಕಲಬುರಗಿಯಲ್ಲಿ ಮಡಕೆ ನೀರು ಕೊರೆಯುವ ಹಾಗಿರುತ್ತೆ. ಮಂಗಳೂರಿನ ಮಗಳ ಮನೆಗೆ ಅದೇ ಮಡಕೆ ಕೊಟ್ಟೆ, ಏನೂ ತಂಪಿಲ್ಲ. ಮಡಕೆ ಕೆಟ್ಟಿತಾ?

ಮಡಕೆ ಸರಿಯಾಗಿದೆ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಒಸರಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಕಲಬುರಗಿಯ ಬೇಸಿಗೆ ಗಾಳಿ ಒಣ, ಎಷ್ಟು ಆವಿ ಕೊಟ್ಟರೂ ಹೀರುತ್ತದೆ. ಮಂಗಳೂರಿನ ಗಾಳಿ ಮೊದಲೇ ತೇವದಿಂದ ತುಂಬಿದೆ, ಆವಿಗೆ ಅಲ್ಲಿ ಜಾಗವಿಲ್ಲ. ಅಲ್ಲಿ ಬೆವರು ಒಣಗದೆ ಅಂಟಂಟಾಗುವುದೂ ಇದೇ ಕಾರಣಕ್ಕೆ. ಮಡಕೆಯನ್ನು ಕಿಟಕಿಯ ಗಾಳಿಗೆ ಇಡಲು ಹೇಳಿ, ಸ್ವಲ್ಪ ಉಪಯೋಗವಾದೀತು. ಹೊರಮೈಗೆ ಬಣ್ಣ ಬಳಿದು ಚೆಂದ ಮಾಡಿದ್ದರೆ ಮಾತ್ರ ಮುಗಿಯಿತು, ರಂಧ್ರ ಮುಚ್ಚಿಹೋಗಿರುತ್ತದೆ.

ಫ್ಯಾನಿನ ಕಥೆಯೂ ಇದೇ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಒಣಗಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ಹಾಕಿಟ್ಟರೆ ಅದರ ಮೋಟಾರಿನಿಂದ ಕೋಣೆ ಕೂದಲೆಳೆಯಷ್ಟು ಬಿಸಿಯೇ ಆಗುತ್ತದೆ.

ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಒಂದು ಸಲ ಚುಂಯ್ ಅಂತ ಆರಿಹೋಗುತ್ತೆ, ಇನ್ನೊಂದು ಸಲ ಮಣಿ ಥರ ಓಡಾಡುತ್ತೆ. ಕಾದ ಕಾವಲಿ ಮೇಲೆ ನೀರು ಉಳಿಯೋದು ಹೇಗೆ?

ನನಗೆ ಅತಿ ಇಷ್ಟದ ಪ್ರಶ್ನೆ. ಬೆಳಿಗ್ಗೆ ಅಡುಗೆಮನೆಯಲ್ಲೇ ನೋಡಬಹುದು. ಕಬ್ಬಿಣದ ಕಾವಲಿಯನ್ನು ಎಣ್ಣೆ ಸವರದೆ ಒಲೆಯ ಮೇಲಿಟ್ಟು, ಅರ್ಧ ನಿಮಿಷಕ್ಕೊಮ್ಮೆ ಬೆರಳ ತುದಿಯಿಂದ ಎರಡು ಹನಿ ಹಾಕಿ. ಮೊದಲು ಹನಿ ಹರಡಿ ಸುಮ್ನೆ ಕೂರುತ್ತದೆ. ಆಮೇಲೆ ಗುಳ್ಳೆ ಎದ್ದು ಚುಂಯ್ ಅಂತ ಮಾಯವಾಗುತ್ತದೆ. ಇನ್ನೂ ಕಾಯಲು ಬಿಡಿ. 200 ಡಿಗ್ರಿ ಸುಮಾರಿಗೆ ಆಟವೇ ಬದಲಾಗುತ್ತದೆ: ಹನಿ ದುಂಡಗಾಗಿ, ಪಾದರಸದಂತೆ ಕಾವಲಿಯ ತುಂಬ ಜಾರುತ್ತದೆ, ಅಂಚಿಗೆ ಹೋಗಿ ತಿರುಗಿ ಬರುತ್ತದೆ. ಎಷ್ಟೋ ಸೆಕೆಂಡು ಉಳಿಯುತ್ತದೆ.

ಹನಿಯ ಅಡಿಭಾಗ ಕಾವಲಿಗೆ ತಾಗುವ ಮೊದಲೇ ಆವಿಯಾಗುತ್ತಿದೆ. ಆ ಆವಿ ತೆಳ್ಳನೆಯ ಹಾಸಿಗೆಯಂತೆ ಹನಿಯನ್ನು ಎತ್ತಿ ಹಿಡಿದಿದೆ. ಆವಿಯ ಮೂಲಕ ಉಷ್ಣ ಬೇಗ ದಾಟುವುದಿಲ್ಲ, ಕಂಬಳಿ ಇದ್ದ ಹಾಗೆ. ಅದಕ್ಕೇ ಜಾಸ್ತಿ ಕಾದ ಕಾವಲಿಯಲ್ಲೇ ಹನಿಗೆ ಜಾಸ್ತಿ ಆಯಸ್ಸು. 1756ರಲ್ಲಿ ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯ ಕೆಂಡದ ಮೇಲೆ ಕಾಯಿಸಿದ ಕಬ್ಬಿಣದ ಚಮಚದಲ್ಲಿ ಇದನ್ನು ನೋಡಿ ಬರೆದಿಟ್ಟ. ಹಾಗಾಗಿ ಅವನ ಹೆಸರೇ ನಿಂತಿತು. ಹನಿ ಓಡಾಡುವಷ್ಟು ಕಾದಿದ್ದರೆ ದೋಸೆಗೆ ಅತಿಯಾಯಿತು ಎಂದರ್ಥ. ಹಿಟ್ಟು ಹರಡುವ ಮೊದಲೇ ಕಚ್ಚಿಕೊಳ್ಳುತ್ತದೆ. ಹೋಟೆಲಿನ ಭಟ್ಟರು ನೀರೆರಚಿ ಕಡ್ಡಿಬರಲಿನಲ್ಲಿ ಗುಡಿಸುವುದು ಕಾವನ್ನು ಇಳಿಸುವುದಕ್ಕೆ.

ಕರೆಂಟ್ ಲೈನ್ ಮೇಲೆ ಕೂತ ಕಾಗೆಗೆ ಶಾಕ್ ಯಾಕೆ ಹೊಡೆಯಲ್ಲ?

ಎರಡೂ ಕಾಲು ಒಂದೇ ತಂತಿಯ ಮೇಲಿವೆ. ಕಾಲಿನಿಂದ ಕಾಲಿಗೆ ವೋಲ್ಟಿನ ವ್ಯತ್ಯಾಸವೇ ಇಲ್ಲದಿದ್ದರೆ ಮೈಯೊಳಗೆ ಹರಿಯಲು ಕಾರಣವಿಲ್ಲ. ಬಾವಲಿಯ ರೆಕ್ಕೆ ಪಕ್ಕದ ತಂತಿಗೂ ತಾಗಿದರೆ ಅಲ್ಲೇ ಸಾವು. ನಾವು ನೆಲದ ಮೇಲೆ ನಿಂತು ಒಂದೇ ತಂತಿ ಮುಟ್ಟಿದರೂ ನೆಲವೇ ಎರಡನೇ ತಂತಿಯಾಗುತ್ತದೆ.

ಪ್ಲಗ್ಗಿನ ಮೂರನೇ ಪಿನ್ ಮುರಿದುಹೋಗಿದೆ, ಆದರೂ ಮಿಕ್ಸಿ ಓಡುತ್ತೆ. ಹಾಗೇ ಬಳಸಬಹುದಾ?

ಬೇಡ. ಮಿಕ್ಸಿ ಓಡುವುದಕ್ಕೆ ಆ ಪಿನ್ ಬೇಕಿಲ್ಲ, ನೀವು ಉಳಿಯುವುದಕ್ಕೆ ಬೇಕು. ಕರೆಂಟ್ ತರುವ ಫೇಸ್ ತಂತಿ ಒಳಗೆ ಸಡಿಲಾಗಿ ಲೋಹದ ಮೈಗೆ ತಾಗಿದರೆ, ಅರ್ಥಿಂಗ್ (ಮೂರನೇ ಪಿನ್ನಿನಿಂದ ನೆಲಕ್ಕೆ ಹೋಗುವ ತಂತಿ) ಇದ್ದಾಗ ಕರೆಂಟ್ ಆ ದಾರಿಯಲ್ಲಿ ನೆಲಕ್ಕೆ ಹೋಗಿ ಫ್ಯೂಸ್ ಹಾರುತ್ತದೆ. ಇಲ್ಲದಿದ್ದರೆ ನಿಮ್ಮ ಕೈ ತಾಗುವುದನ್ನೇ ಕಾಯುತ್ತಿರುತ್ತದೆ. ಆ ಪಿನ್ ಉದ್ದ ಇರುವುದು ಮೊದಲು ತಾಗಿ ಕೊನೆಗೆ ಬಿಡಲಿ ಅಂತ. ದಪ್ಪ ಇರುವುದು ಬೇರೆ ತೂತಿಗೆ ಹೋಗದಿರಲಿ ಅಂತ.

ಫ್ಯೂಸಿನ ಮಾತು ಬಂತು, ನನ್ನದೇ ಕಥೆ ಹೇಳಿಬಿಡುತ್ತೇನೆ. ಬಾಡಿಗೆ ಮನೆಯೊಂದರಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ರಿಪೇರಿಗೆ ಬಂದವರು ‘ಇನ್ನು ಹೋಗಲ್ಲ ಸಾರ್’ ಎಂದು ದಪ್ಪನೆಯ ತಾಮ್ರದ ತಂತಿ ಸುತ್ತಿ ಹೋದರು. ನಿಜ, ಫ್ಯೂಸ್ ಮತ್ತೆ ಹೋಗಲಿಲ್ಲ. ಮೂರನೇ ವಾರ ಗೋಡೆಯೊಳಗಿನ ವೈರು ಕರಗಿ ಸುಟ್ಟ ವಾಸನೆ ಬಂತು. ಫ್ಯೂಸ್ ತಂತಿಯನ್ನು ತೆಳ್ಳಗೆ ಮಾಡಿರುವುದೇ ಅದು ಮೊದಲು ಸಾಯಲಿ ಅಂತ. ವಿಜ್ಞಾನದ ಮೇಷ್ಟ್ರಾಗಿ ನಾನೂ ಅವತ್ತು ಬಾಕ್ಸ್ ತೆಗೆದು ನೋಡಿರಲಿಲ್ಲ.

ಕಲ್ಯಾಣಿಯ ನೀರು ಮೊಣಕಾಲುದ್ದ ಕಾಣುತ್ತೆ, ಇಳಿದರೆ ಸೊಂಟದವರೆಗೆ. ಯಾಕೆ?

ತಳದಿಂದ ಬರುವ ಬೆಳಕು ನೀರಿನಿಂದ ಗಾಳಿಗೆ ದಾಟುವಾಗ ಬಾಗುತ್ತದೆ. ಕಣ್ಣಿಗೆ ಬಾಗಿದ್ದು ಗೊತ್ತಾಗುವುದಿಲ್ಲ, ನೇರ ಬಂತೆಂದೇ ನಂಬುತ್ತದೆ. ನೆಟ್ಟಗೆ ಮೇಲಿಂದ ನೋಡಿದರೆ ಎಂಟು ಅಡಿಯ ನೀರು ಆರಡಿಯಂತೆ ಕಾಣುತ್ತದೆ, ಮುಕ್ಕಾಲು ಪಾಲು. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಈಜು ಬಾರದ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಬೆಂಗಳೂರಿನಲ್ಲಿ ‘ನೆರಳಿಲ್ಲದ ದಿನ’ ಅಂತಾರಲ್ಲ, ಪ್ರತಿ ದಿನ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರ್ತಾನಲ್ವಾ?

ನೆತ್ತಿ ಮೇಲೆ ಅನ್ನುವುದು ಮಾತಿಗೆ. ಲೆಕ್ಕ ಹಾಕಿದರೆ ವರ್ಷದಲ್ಲಿ ಎರಡೇ ದಿನ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಉತ್ತರಕ್ಕೆ ಸರಿಯುತ್ತಾ ಏಪ್ರಿಲ್ 24ರ ಸುಮಾರಿಗೆ ಆ ಗೆರೆ ದಾಟುತ್ತಾನೆ, ಮರಳುವಾಗ ಆಗಸ್ಟ್ 18ರ ಸುಮಾರಿಗೆ ಮತ್ತೆ ದಾಟುತ್ತಾನೆ. ಮಂಗಳೂರಿಗೂ ಹೆಚ್ಚುಕಡಿಮೆ ಅವೇ ದಿನಗಳು. ಹುಬ್ಬಳ್ಳಿಗೆ ಮೇ ಶುರುವಿನಲ್ಲಿ, ಬೀದರಿಗೆ ಮೇ ಎರಡನೇ ವಾರದಲ್ಲಿ. ದೆಹಲಿಗೆ ಆ ಭಾಗ್ಯವೇ ಇಲ್ಲ, ಸೂರ್ಯ ಅಲ್ಲಿವರೆಗೆ ಹೋಗುವುದಿಲ್ಲ.

ಟೆರೇಸಿನಲ್ಲಿ ನೆಟ್ಟಗಿನ ಪೈಪಿನ ತುಂಡು ನಿಲ್ಲಿಸಿ ನೋಡಿ. ಆದರೆ ಸರಿಯಾಗಿ 12 ಗಂಟೆಗೆ ಹೋದರೆ ನೆರಳು ಇನ್ನೂ ಇರುತ್ತದೆ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ. ಏಪ್ರಿಲಿನಲ್ಲಿ ನಿಜವಾದ ನಡುಹಗಲು 12 ಗಂಟೆ 17 ನಿಮಿಷದ ಹೊತ್ತಿಗೆ. ಆಗ ಪೈಪಿನ ನೆರಳು ಪೂರ್ತಿ ಅದರ ಬುಡಕ್ಕೆ ಸೇರಿಕೊಳ್ಳುತ್ತದೆ. ನಾನು ಮೊದಲ ಸಲ ನೋಡಿದಾಗ ಪೈಪನ್ನು ಯಾರೋ ಚಿತ್ರಕ್ಕೆ ಅಂಟಿಸಿದಂತೆ ಕಂಡಿತು.

## ಗಟ್ಟಿ ಪ್ರಶ್ನೆಗಳು

ಕನ್ನಡಿ ಎಡ–ಬಲ ಅದಲು ಬದಲು ಮಾಡುತ್ತೆ. ತಲೆ–ಕಾಲು ಯಾಕೆ ಮಾಡಲ್ಲ?

ಕನ್ನಡಿ ಎಡ–ಬಲವನ್ನೂ ಬದಲಿಸುವುದಿಲ್ಲ. ನಿಮ್ಮ ಬಲಗೈ ಬಾಗಿಲ ಕಡೆಗಿದ್ದರೆ ಕನ್ನಡಿಯೊಳಗಿನ ಆ ಕೈಯೂ ಬಾಗಿಲ ಕಡೆಗೇ ಇದೆ. ಅದು ಬದಲಿಸುವುದು ಹಿಂದು–ಮುಂದು ಮಾತ್ರ: ನೀವು ಗೋಡೆಯತ್ತ ಮುಖ ಮಾಡಿದರೆ ಒಳಗಿನವರು ನಿಮ್ಮತ್ತ ಮುಖ ಮಾಡುತ್ತಾರೆ. ಅವರ ಜಾಗದಲ್ಲಿ ನಾವು ಸುತ್ತಿ ಬಂದು ನಿಂತಂತೆ ಊಹಿಸಿಕೊಳ್ಳುತ್ತೇವಲ್ಲ, ಎಡ–ಬಲದ ಗೊಂದಲ ಹುಟ್ಟುವುದು ಅಲ್ಲಿ.

ಮೋಡ ಅಷ್ಟು ಮೇಲಿದೆ. ಅಲ್ಲಿಂದ ಬಿದ್ದ ಹನಿ ತಲೆಗೆ ಗುಂಡಿನ ಥರ ಯಾಕೆ ಹೊಡೆಯಲ್ಲ?

ಗಾಳಿ ಇಲ್ಲದಿದ್ದರೆ ಹೊಡೆಯುತ್ತಿತ್ತು. ಒಂದು ಕಿಲೋಮೀಟರ್ ಮೇಲಿಂದ ಬಿದ್ದದ್ದು ನೆಲ ಮುಟ್ಟುವಾಗ ಗಂಟೆಗೆ 500 ಕಿಲೋಮೀಟರ್ ದಾಟಿರುತ್ತದೆ. ಆದರೆ ವೇಗ ಏರಿದಂತೆ ಗಾಳಿಯ ತಡೆಯೂ ಏರುತ್ತದೆ. ಒಂದು ಹಂತದಲ್ಲಿ ತಡೆ ಮತ್ತು ತೂಕ ಸಮವಾಗಿ, ಆಮೇಲೆ ಹನಿ ಒಂದೇ ವೇಗದಲ್ಲಿ ಇಳಿಯುತ್ತದೆ. ಐದು ಮಿಲಿಮೀಟರಿನ ದಪ್ಪ ಹನಿಗೆ ಆ ವೇಗ ಗಂಟೆಗೆ 32 ಕಿಲೋಮೀಟರ್ ಸುಮಾರು. ಸೋನೆ ಮಳೆಯ ಹನಿ ಇನ್ನೂ ನಿಧಾನ, ಅದಕ್ಕೇ ಮಲೆನಾಡಿನ ಜಿಟಿಜಿಟಿ ಕೊಡೆಯ ಕೆಳಗೂ ತೂರಿ ಬರುತ್ತದೆ. ಗಾಳಿಯಿಲ್ಲದ ಕಡೆ ಏನಾಗುತ್ತದೆ ಅಂತ 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ತೋರಿಸಿದರು. ಸುತ್ತಿಗೆ, ಹಕ್ಕಿಯ ಗರಿ ಎರಡನ್ನೂ ಒಟ್ಟಿಗೆ ಬಿಟ್ಟರು, ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಆಕಾಶ ನೀಲಿ ಯಾಕೆ? ಸಮುದ್ರ ನೀಲಿ ಇರೋದು ಆಕಾಶದ ಪ್ರತಿಬಿಂಬದಿಂದಾನೇ?

ಸೂರ್ಯನ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣವೂ ಇದೆ. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ಸುಮಾರು ಆರು ಪಟ್ಟು ಜಾಸ್ತಿ ಚದರಿಸುತ್ತವೆ. ಹಾಗಾಗಿ ಸೂರ್ಯ ಇಲ್ಲದ ಕಡೆಯಿಂದಲೂ ನೀಲಿ ಕಣ್ಣಿಗೆ ಬರುತ್ತದೆ. ಸಂಜೆ ಬೆಳಕು ಗಾಳಿಯಲ್ಲಿ ಬಹಳ ದೂರ ಹಾದು ಬರುತ್ತದೆ, ನೀಲಿ ದಾರಿಯಲ್ಲೇ ಚದರಿ ಹೋಗಿ ಕೆಂಪು ಉಳಿಯುತ್ತದೆ. ನೇರಳೆ ಇನ್ನೂ ಜಾಸ್ತಿ ಚದರುತ್ತದಲ್ಲ ಅಂತ ಜಾಣ ಹುಡುಗರು ಕೇಳುತ್ತಾರೆ. ಹೌದು, ಆದರೆ ಸೂರ್ಯನ ಬೆಳಕಿನಲ್ಲಿ ಅದು ಕಡಿಮೆ, ನಮ್ಮ ಕಣ್ಣೂ ಅದಕ್ಕೆ ಮಂದ.

ಸಮುದ್ರದ್ದು ಬೇರೆ ಕಥೆ. ಅದು ಆಕಾಶದ ಪ್ರತಿಬಿಂಬ ಎಂದೇ ಬ್ರಿಟನ್ನಿನ ಭೌತವಿಜ್ಞಾನಿ ರ‍್ಯಾಲೆಯಂಥ ದೊಡ್ಡವರು ಹೇಳಿದ್ದರು. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಅವರಿಗೆ ಮೆಡಿಟರೇನಿಯನ್ ನೀಲಿ ನೋಡಿ ಅನುಮಾನ ಬಂತು. ಪ್ರತಿಫಲಿಸಿದ ಬೆಳಕನ್ನು ತಡೆಯುವ ಒಂದು ಪಟ್ಟಕ ಅವರ ಬಳಿ ಇತ್ತು. ಅದರ ಮೂಲಕ ನೋಡಿದಾಗ ಆಕಾಶದ ಹೊಳಪು ಹೋಯಿತು, ಸಮುದ್ರ ಇನ್ನಷ್ಟು ನೀಲಿಯಾಗಿ ಕಂಡಿತು! ನೀರು ಕೆಂಪನ್ನು ಹೀರುತ್ತದೆ, ನೀಲಿ ಚದರಿ ಹಿಂದಿರುಗುತ್ತದೆ. ಆ ಚದರುವಿಕೆಯ ಬೆನ್ನು ಹತ್ತಿದ್ದರಿಂದಲೇ 1928ರ ಫೆಬ್ರವರಿ 28ರ ‘ರಾಮನ್ ಪರಿಣಾಮ’ದ ಶೋಧ, 1930ರ ನೊಬೆಲ್. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, ಕೊನೆಯವರೆಗೂ ಇದೇ ಊರಿನಲ್ಲಿದ್ದರು.

ತಂತಿಯಲ್ಲಿ ಎಲೆಕ್ಟ್ರಾನ್ ಬಸವನಹುಳುಗಿಂತ ನಿಧಾನ ಅಂತಾರೆ. ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಹೇಗೆ ಹತ್ತುತ್ತೆ?

ತೋಟದ ಪೈಪು ತುಂಬ ನೀರಿರುವಾಗ ನಲ್ಲಿ ತಿರುವಿದರೆ ಆ ತುದಿಯಲ್ಲಿ ತಕ್ಷಣ ನೀರು ಬೀಳುತ್ತದೆ. ಬಿದ್ದದ್ದು ಈಗ ನಲ್ಲಿಯಿಂದ ಹೊರಟ ನೀರಲ್ಲ, ತುದಿಯಲ್ಲಿ ಮೊದಲೇ ಇದ್ದದ್ದು. ತಂತಿಯಲ್ಲೂ ಎಲೆಕ್ಟ್ರಾನ್‌ಗಳು ಉದ್ದಕ್ಕೂ ತುಂಬಿವೆ. ‘ಹೊರಡು’ ಅನ್ನುವ ನೂಕು ಬೆಳಕಿನ ವೇಗದ ಹತ್ತಿರ ಹೋಗುತ್ತದೆ. ಮನೆಯ ಸಾಮಾನ್ಯ ವೈರಿನಲ್ಲಿ ಐದು ಆಂಪಿಯರ್ ಹರಿದರೆ ಒಂದೊಂದು ಎಲೆಕ್ಟ್ರಾನ್ ಸರಿಯುವುದು ಸೆಕೆಂಡಿಗೆ ಕಾಲು ಮಿಲಿಮೀಟರ್. ಅದೂ ಒಂದೇ ಕಡೆ ಹರಿದರೆ. ನಮ್ಮ ಮನೆಗೆ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಅದರಲ್ಲಿ ಅವು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತೂಗಾಡುತ್ತವೆ ಅಷ್ಟೇ.

ಮನೆಗೆ 230 ವೋಲ್ಟ್ ಸಾಕು. ಲೈನಿನಲ್ಲಿ ಸಾವಿರಗಟ್ಟಲೆ ವೋಲ್ಟ್ ಯಾಕೆ ಕಳಿಸ್ತಾರೆ?

ದಾರಿಯಲ್ಲಿ ಪೋಲಾಗದಿರಲಿ ಅಂತ. ತಂತಿ ಬಿಸಿಯಾಗಿ ಆಗುವ ನಷ್ಟ ಆಂಪಿಯರಿನ ವರ್ಗದಷ್ಟು ಏರುತ್ತದೆ. ನೂರು ಕಿಲೋವ್ಯಾಟನ್ನು 230 ವೋಲ್ಟಿನಲ್ಲಿ ಕಳಿಸಲು 435 ಆಂಪಿಯರ್ ಬೇಕು. 11,000 ವೋಲ್ಟಿನಲ್ಲಾದರೆ ಒಂಬತ್ತು ಸಾಕು. ಅದೇ ತಂತಿಯಲ್ಲಿ ನಷ್ಟ ಎರಡು ಸಾವಿರ ಪಟ್ಟಿಗೂ ಕಡಿಮೆ.

ನಮ್ಮ ನಾಡಿಗೆ ಈ ಪಾಠ ಬಹಳ ಬೇಗ ಬೇಕಾಯಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಮೊದಲ ಬೆಳಕು ನೆಲದಡಿಯ ಗಣಿಗೆ.

ಭೂಮಿ ಅಷ್ಟು ಜೋರಾಗಿ ತಿರುಗುತ್ತಿದ್ದರೆ, ಹೆಲಿಕಾಪ್ಟರ್‌ನಲ್ಲಿ ಮೇಲೆ ಹೋಗಿ ಸುಮ್ನೆ ನಿಂತರೆ ಅಮೆರಿಕ ಕೆಳಗೆ ಬರಬೇಕಲ್ವಾ?

ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ನೀವು, ಹೆಲಿಕಾಪ್ಟರ್, ಸುತ್ತಲಿನ ಗಾಳಿ ಎಲ್ಲವೂ ಅದೇ ವೇಗದಲ್ಲಿವೆ. ಮೇಲೆದ್ದ ಮಾತ್ರಕ್ಕೆ ಆ ವೇಗ ಬಿಟ್ಟುಹೋಗುವುದಿಲ್ಲ. ಓಡುವ ರೈಲಿನಲ್ಲಿ ಕಡಲೆಕಾಯಿ ಮೇಲೆ ಚಿಮ್ಮಿದರೆ ಅದು ಹಿಂದಿನ ಬೋಗಿಗೆ ಹೋಗದೆ ನಿಮ್ಮ ಕೈಗೇ ಬೀಳುತ್ತದಲ್ಲ. ಆರ್ಯಭಟ 499ರ ಹೊತ್ತಿಗೇ ದೋಣಿಯ ಹೋಲಿಕೆ ಕೊಟ್ಟಿದ್ದ: ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡ ಹಿಂದೆ ಹೋದಂತೆ ಕಾಣುತ್ತದೆ, ನಕ್ಷತ್ರಗಳು ಪಶ್ಚಿಮಕ್ಕೆ ಸಾಗಿದಂತೆ ಕಾಣುವುದೂ ಹಾಗೆಯೇ.

ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವ ಇಲ್ಲ, ಅದಕ್ಕೆ ತೇಲ್ತಾರೆ. ಸರಿನಾ?

ಗುರುತ್ವ ಇದೆ, ಇಲ್ಲಿ ನೂರು ಪಾಲಾದರೆ ಅಲ್ಲಿ ಸುಮಾರು 90 ಪಾಲು. ನಿಲ್ದಾಣ ಇರುವುದು ಬರೀ 400 ಕಿಲೋಮೀಟರ್ ಮೇಲೆ, ಬೆಂಗಳೂರಿನಿಂದ ಹುಬ್ಬಳ್ಳಿಯಷ್ಟು. ಗುರುತ್ವ ಇಲ್ಲದಿದ್ದರೆ ಅದು ನೇರ ಹಾರಿಹೋಗುತ್ತಿತ್ತು. ಸೆಕೆಂಡಿಗೆ 7.7 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೆ ಓಡುತ್ತಾ ಭೂಮಿಯತ್ತ ಬೀಳುತ್ತಲೇ ಇದೆ, ಬೀಳುವಷ್ಟರಲ್ಲಿ ನೆಲವೂ ಬಾಗಿ ದೂರ ಸರಿದಿರುತ್ತದೆ. ಒಳಗಿನವರೂ ಜೊತೆಗೇ ಬೀಳುತ್ತಿದ್ದಾರೆ. ಎಲ್ಲರೂ ಒಟ್ಟಿಗೆ ಬೀಳುವಾಗ ತ್ರಾಸಿನ ಮುಳ್ಳು ಸೊನ್ನೆ ತೋರಿಸುತ್ತದೆ.

ದೊಡ್ಡಪ್ಪ, ನಾವೆಲ್ಲಿದೀವಿ ಅಂತ ಮೊಬೈಲ್ ಮ್ಯಾಪಿಗೆ ಹೇಗೆ ಗೊತ್ತಾಗುತ್ತೆ?

ತಮ್ಮನ ಮಗಳು ಕಾರಿನಲ್ಲಿ ಕೇಳಿದ್ದು. ಸುಮಾರು 20,000 ಕಿಲೋಮೀಟರ್ ಮೇಲಿನ ಉಪಗ್ರಹಗಳು ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಗಂಟೆ’ ಎಂದು ಸಾರುತ್ತಲೇ ಇರುತ್ತವೆ. ಆ ಸುದ್ದಿ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 2,99,792 ಕಿಲೋಮೀಟರ್, ಕೆಳಗೆ ಬರುತ್ತದೆ. ಎಷ್ಟು ತಡವಾಗಿ ಬಂತು ಅನ್ನುವುದರಿಂದ ದೂರ ಸಿಗುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನೀವಿರುವ ಜಾಗ ಸಿಕ್ಕಿತು. ಅಂದರೆ ಮೊಬೈಲು ಗಡಿಯಾರದಿಂದ ನೆಲ ಅಳೆಯುತ್ತಿದೆ. ಸುಮ್ನೆ ಹೇಳುತ್ತಿಲ್ಲ, 1983ರಿಂದ ಮೀಟರಿನ ವ್ಯಾಖ್ಯೆಯೂ ಹಾಗೇ ಇದೆ: ಸೆಕೆಂಡಿನ 29,97,92,458ರಲ್ಲಿ ಒಂದು ಪಾಲು ಹೊತ್ತಿನಲ್ಲಿ ಬೆಳಕು ಹೋಗುವ ದೂರ.

ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಐನ್‌ಸ್ಟೈನ್ ಲೆಕ್ಕದ ಪ್ರಕಾರ ಗುರುತ್ವ ಕಡಿಮೆ ಇರುವ ಕಡೆ ಗಡಿಯಾರ ಬೇಗ ಓಡುತ್ತದೆ, ಜೋರಾಗಿ ಚಲಿಸಿದರೆ ನಿಧಾನವಾಗುತ್ತದೆ. ಎರಡನ್ನೂ ಕೂಡಿ ಕಳೆದರೆ ಮೇಲಿನ ಗಡಿಯಾರ ದಿನಕ್ಕೆ ಅಂಥ 38 ಪಾಲು ಮುಂದೆ ಹೋಗುತ್ತದೆ. ಮೊದಲೇ ತಿದ್ದದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಜಾಸ್ತಿ ತಪ್ಪು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮ್ಯಾಪ್ ನಮ್ಮನ್ನು ಕೆರೆ ಏರಿಯ ಕೊನೆಗೆ ತಂದು ನಿಲ್ಲಿಸಿತ್ತು. ಮುಂದೆ ಮುಳ್ಳುಬೇಲಿ. ‘ಇದು ಐನ್‌ಸ್ಟೈನ್ ತಪ್ಪಾ ದೊಡ್ಡಪ್ಪ?’ ಅಂದಳು. ಅಲ್ಲಮ್ಮ, ನಾವಿರುವ ಜಾಗವನ್ನು ಅದು ಸರಿಯಾಗೇ ಹೇಳಿತ್ತು. ರಸ್ತೆ ಇದೆ ಅಂತ ನಕ್ಷೆಯಲ್ಲಿ ಗೀಚಿದವರು ಬೇರೆ ಯಾರೋ.